ಅತ್ತು ಮುಗಿದ ಮೇಲೂ ತೆರೆದಿದ್ದ ಚೈನೀಸ್ ಹೋಟೆಲು

ಹೋಟೆಲು ಮುಚ್ಚುತ್ತೇವೆ ಎಂದು ಒಂದು ಬೋರ್ಡು ಹಾಕಿ ನೋಡಿ, ಈ ಕೆಳಗಿನಂಥ ಪ್ರಸಂಗಗಳು ದಿನಕ್ಕೊಂದು ನಡೆಯುತ್ತವೆ. ನಗಲಿಕ್ಕೆ ಎಂದು ಯಾರೂ ಬಂದಿರುವುದಿಲ್ಲ, ಎಲ್ಲರೂ ದುಃಖ ಹೇಳಲಿಕ್ಕೇ ಬಂದಿರುತ್ತಾರೆ. ಆದರೂ ಎದ್ದು ಹೋಗುವ ಹೊತ್ತಿಗೆ ಏನಾದರೊಂದು ನಗೆಪಾಟಲು ಮಾಡಿಯೇ ಹೋಗುತ್ತಾರೆ.

ಗೋರೆಗಾಂವ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಕೆಳಗೆ ನಮ್ಮ ಚೈನೀಸ್ ಹೋಟೆಲು. ನಾನು ಅಲ್ಲಿ ಕ್ಯಾಪ್ಟನ್. ಅಂದರೆ ಗಿರಾಕಿಯ ಆರ್ಡರು ಬರೆದುಕೊಳ್ಳುವವನು, ಅಡುಗೆ ತಡವಾದರೆ ಬೈಸಿಕೊಳ್ಳುವವನು. ಧಣಿಗಳು ಉಡುಪಿ ಕಡೆಯವರು, ನಾನು ಕಾರ್ಕಳ ಕಡೆಯವನು, ಕುಕ್ ಡಾರ್ಜಿಲಿಂಗ್ ಬೆಟ್ಟದವನು. ಚೀನಾದ್ದು ಎನ್ನುವಂಥದ್ದು ನಮ್ಮಲ್ಲಿ ಬಾಗಿಲ ಮೇಲಿನ ಕೆಂಪು ಲಾಟೀನು ಒಂದೇ. ಅದನ್ನೂ ತಂದದ್ದು ಇಲ್ಲೇ ಮಸ್ಜಿದ್ ಬಂದರಿನ ಸಗಟು ಪೇಟೆಯಿಂದ. ಮೊದಲು ಅಲ್ಲಿ ಇಡ್ಲಿ, ದೋಸೆ ಕೊಡುತ್ತಿದ್ದೆವು. ಊರೆಲ್ಲ ನೂಡಲ್ಸ್ ಕೇಳಲು ಸುರು ಮಾಡಿದಾಗ ಧಣಿಗಳು ಇಡ್ಲಿ ಪಾತ್ರೆಯನ್ನು ಅಟ್ಟಕ್ಕೆ ಹಾಕಿದರು.

ಈಗ ಬಿಲ್ಡಿಂಗಿಗೇ ವಯಸ್ಸಾಗಿ, ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಬಿಲ್ಡರ್ ಧಣಿಗಳ ಮುಂದೆ ಎರಡು ದಾರಿ ಇಟ್ಟ. ಹೊಸ ಬಿಲ್ಡಿಂಗಿನಲ್ಲಿ ಜಾಗ ತೆಗೆದುಕೊಂಡು ಮೂರು ವರ್ಷದ ಮೇಲೆ ಮತ್ತೆ ಹೋಟೆಲು ಹಾಕಬಹುದು, ಇಲ್ಲವೇ ಹಣ ತೆಗೆದುಕೊಂಡು ಮನೆಯಲ್ಲಿ ಕೂರಬಹುದು. ಧಣಿಗಳಿಗೆ ಎಪ್ಪತ್ತು ದಾಟಿದೆ, ಎದೆಯಲ್ಲಿ ಸ್ಟೆಂಟು ಇದೆ. ವಿಲೆ ಪಾರ್ಲೆಯಲ್ಲಿರುವ ಮಗಳು, "ಪಪ್ಪಾ, ಬಸ್ ಆಯ್ತು, ಇನ್ನು ರೆಸ್ಟ್ ತಗೊಳ್ಳಿ" ಎಂದು ಫೋನಿನಲ್ಲಿ ದಿನಾ ಹೇಳುತ್ತಿದ್ದಳು. ಧಣಿಗಳು ಒಪ್ಪಲಿಲ್ಲ. "ಬೇಕೋ ಬೇಡವೋ ಅಂತ ನಾವು ಯಾಕೆ ಹೇಳ್ಬೇಕು? ಗಿರಾಕಿಗಳನ್ನೇ ಕೇಳುವ. ಅವ್ರು ಬರ್ತೇವೆ ಅಂದ್ರೆ ಜಾಗ ತೆಕ್ಕೊಳ್ಳುವುದು" ಎಂದರು. ಗಿರಾಕಿಯ ಮಾತು ನಂಬಿ ಉದ್ಧಾರವಾದವನನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಧಣಿಗಳಿಗೆ ಬುದ್ಧಿ ಹೇಳುವುದು ಕ್ಯಾಪ್ಟನ್ನನ ಕೆಲಸವಲ್ಲ.

೧. ಇಲ್ಲದ ಮೀನು

ಭಾನುವಾರವೇ ಕೊನೆಯ ದಿನ ಎಂದು ಬೋರ್ಡು ಹಾಕಿದ್ದೇ ತಡ, ಜನ ಬಂದರು. ವರ್ಷಗಟ್ಟಲೆ ಮುಖ ತೋರಿಸದವರೆಲ್ಲ ಫುಟ್‌ಪಾತಿನ ಮೇಲೆ ಸಾಲು ನಿಂತರು. ಇದ್ದಾಗ ಒಂದು ಲೋಟ ನೀರು ಕೊಡದವರು ಸತ್ತ ಮೇಲೆ ಹಾಲು ತುಪ್ಪ ಬಿಡಲು ಮುಂದೆ ಬರುತ್ತಾರಲ್ಲ, ಹಾಗೆ.

ಒಬ್ಬರು ಹೆಂಡತಿಯನ್ನೂ ಕಾಲೇಜಿಗೆ ಹೋಗುವ ಮಗನನ್ನೂ ಕರೆತಂದಿದ್ದರು. ಮೂಲೆಯ ಟೇಬಲ್ಲಿನಲ್ಲಿ ಕೂತು ಮಗನಿಗೆ ಹೇಳಿದರು, "ಮದುವೆಯಾದ ಹೊಸತರಲ್ಲಿ ನಿಮ್ಮಮ್ಮನನ್ನು ಮೊದಲು ಕರೆತಂದದ್ದು ಇಲ್ಲಿಗೇ. ಇಲ್ಲೊಂದು ಫಿಶ್ ಟ್ಯಾಂಕ್ ಇತ್ತು. ನನ್ನ ಕಡೆ ನೋಡೋಕೆ ನಾಚಿಕೆ, ಪೂರ್ತಿ ಹೊತ್ತು ಮೀನು ನೋಡ್ತಾ ಕೂತಿದ್ದಳು."

"ಯಾವ ಮೀನು?" ಎಂದರು ಹೆಂಡತಿ. "ಇಲ್ಲಿ ಫಿಶ್ ಟ್ಯಾಂಕ್ ಇರಲೇ ಇಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ನಮ್ಮ ಹೋಟೆಲಿನಲ್ಲಿ ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಮೀನು ಇದ್ದದ್ದಿಲ್ಲ. ಆದರೆ ಗಂಡನ ಮುಖ ನೋಡಿ ಪಾಪ ಎನಿಸಿತು. "ಇತ್ತು ಮೇಡಂ. ಮೀನು ಸತ್ತ ಮೇಲೆ ತೆಗೆದೆವು" ಎಂದೆ.

"ಯಾವಾಗ ಸತ್ತದ್ದು?"

ಸುಳ್ಳು ಎಷ್ಟು ಹಿಂದಿನದಾದರೆ ಅಷ್ಟು ಕ್ಷೇಮ ಎಂದುಕೊಂಡು, "ತುಂಬ ಹಿಂದೆ. ನಿಮ್ಮ ಮದುವೆಗೂ ಮೊದಲೇ ಇರಬೇಕು" ಎಂದೆ.

ಆ ಹೆಂಗಸು ಚಮಚ ಕೆಳಗಿಟ್ಟರು. ಗಂಡ ಸೂಪಿನ ಬಟ್ಟಲಿಗೆ ಮುಖ ತಗ್ಗಿಸಿದರು. ಮಗ ಬಿಲ್ಲು ಕೇಳಿದ. ಅವರು ಹೊರಡುವಾಗ, ಒಳಗೆ ನಡೆದದ್ದು ತಿಳಿಯದ ಧಣಿಗಳು ಗಲ್ಲಾದಿಂದಲೇ ಪ್ರೀತಿಯಿಂದ ಕೇಳಿದರು, "ಹೊಸ ಬಿಲ್ಡಿಂಗಿನಲ್ಲಿ ತೆಗೆದರೆ ಬರ್ತೀರಲ್ಲ?"

"ನಾನಂತೂ ಬರ್ತೇನೆ" ಎಂದರು ಆಕೆ. "ಇವರು ಯಾರ ಜೊತೆ ಬರ್ತಾರೆ ಅಂತ ಇವರನ್ನೇ ಕೇಳಿ."

ಧಣಿಗಳು ನನ್ನನ್ನು ಹತ್ತಿರ ಕರೆದು, "ನೋಡಿದೆಯಾ ಮಾರಾಯ, ಇಬ್ಬರೂ ಬರ್ತಾರಂತೆ" ಎಂದರು.

೨. ಮೊದಲಿನ ಕುಕ್

ಜೋಗೇಶ್ವರಿಯಿಂದ ನಿವೃತ್ತರೊಬ್ಬರು ಬಂದರು. ಫ್ರೈಡ್ ರೈಸನ್ನು ಎರಡು ಚಮಚ ತಿಂದು, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು ಕೇಳಿದರು, "ಮೊದಲು ಒಬ್ಬ ಚೀನಾದವನಿದ್ದನಲ್ಲ, ಅವನು ಎಲ್ಲಿ?"

ನಮ್ಮಲ್ಲಿ ಚೈನೀಸ್ ಸುರುವಾದ ದಿನದಿಂದ ಇರುವವನು ಒಬ್ಬನೇ ಕುಕ್. ಆಗ ತಲೆ ತುಂಬ ಕೂದಲಿತ್ತು, ಹೊಟ್ಟೆ ಇರಲಿಲ್ಲ. ಈಗ ಅದು ಇಲ್ಲ, ಇದು ಇದೆ. "ಅವನೇ ಸರ್ ಇವನು" ಎಂದೆ.

"ನನಗೆ ಹೇಳ್ತೀಯಾ? ಅವನ ಕೈಯಲ್ಲಿ ಒಂದು ಮಾಯೆ ಇತ್ತು. ಇವನು ಕಾಟಾಚಾರಕ್ಕೆ ಬೇಯಿಸ್ತಾನೆ."

ಜಗಳ ಬೇಡವೆಂದು ಕುಕ್‌ನನ್ನೇ ಹೊರಗೆ ಕರೆದು ತೋರಿಸಿದೆ. ಅವರು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬೆನ್ನು ತಟ್ಟಿ, "ಬೇಜಾರು ಮಾಡ್ಕೋಬೇಡ ಭಾಯಿ. ನೀನೂ ಪರವಾಗಿಲ್ಲ. ಆದರೆ ಅವನ ಹಾಗೆ ಆಗೋದು ಕಷ್ಟ" ಎಂದರು. ಕುಕ್ ಕೈ ಮುಗಿದು, "ಸಹೀ ಬಾತ್ ಹೈ ಸಾಬ್" ಎಂದು ಒಳಗೆ ಹೋದ.

ನಾನು ಹಿಂದೆಯೇ ಹೋದೆ. ಅವನು ಕ್ಯಾಬೇಜಿನ ಗೋಣಿಯ ಮೇಲೆ ಕೂತಿದ್ದ. "ಸಾಬ್ ಹೇಳಿದ್ದು ಸರಿಯಾಗೇ ಇದೆ" ಎಂದ. "ಆಗ ಚೆನ್ನಾಗೇ ಮಾಡ್ತಿದ್ದೆ. ಈಗ ಭುಜ ಮೇಲೆ ಬರೋದಿಲ್ಲ. ಕಡಾಯಿ ಎತ್ತಿ ಹಾರಿಸೋಕೆ ಆಗೋದಿಲ್ಲ, ಬರೀ ತಿರುವ್ತೇನೆ. ಗೊತ್ತಾಗಿದೆ ಅವರಿಗೆ." ಇಷ್ಟು ವರ್ಷ ಜೊತೆಗಿದ್ದೂ ಅವನ ಭುಜದ ವಿಷಯ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಧಣಿಗಳು ಬಾಗಿಲಲ್ಲಿ ಇಣುಕಿ, ಆ ಜೋಗೇಶ್ವರಿಯವರು ಹೊಸ ಜಾಗಕ್ಕೆ ಬರ್ತಾರಂತಾ ಎಂದು ಕೇಳಿದರು. "ಬರ್ತಾರಂತೆ ಧಣಿ, ಮೊದಲಿನ ಕುಕ್‌ನನ್ನು ವಾಪಸ್ ಕರೆಸಿದರೆ" ಎಂದೆ.

ಕುಕ್ ಗೋಣಿಯ ಮೇಲಿಂದಲೇ ಹೇಳಿದ, "ಸಿಕ್ಕಿದರೆ ನನಗೂ ಹೇಳಿ ಶೇಟ್, ನಾನೂ ಅವನನ್ನೇ ಹುಡುಕ್ತಾ ಇದ್ದೇನೆ."

೩. ಇನ್ನೂ ಇದ್ದೀರಾ?

ಭಾನುವಾರ ಬಂತು. ಆ ದಿನದ ಮುಖ್ಯ ಅತಿಥಿ ಎಂದರೆ ಎದುರು ಬಿಲ್ಡಿಂಗಿನ ಎರಡನೇ ಮಾಳಿಗೆಯ ಕಾಕಾ. ಅವರ ಕಿಟಕಿ ಸೀದಾ ನಮ್ಮ ಬಾಗಿಲಿಗೆ ತೆರೆಯುತ್ತದೆ. ಕುಟುಂಬ ಸಮೇತ ಬಂದು, ಸೂಪಿನಿಂದ ಸುರು ಮಾಡಿ ಐಸ್‌ಕ್ರೀಮಿನವರೆಗೆ ತಿಂದು, ಎದ್ದು ನಿಂತು ಭಾಷಣ ಮಾಡಿದರು. "ನನ್ನ ಮಕ್ಕಳು ಈ ಹೋಟೆಲಿನ ನೂಡಲ್ಸ್ ತಿಂದು ದೊಡ್ಡವರಾದರು. ಈ ರುಚಿ ಇನ್ನು ಈ ಜನ್ಮದಲ್ಲಿ ಇಲ್ಲ ಶೇಟ್" ಎಂದು ಧಣಿಗಳ ಕೈ ಹಿಡಿದುಕೊಂಡು ಅತ್ತರು. ಧಣಿಗಳೂ ಅತ್ತರು. ಜನ ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿಕೊಂಡರು.

ಅವತ್ತು ಮಗಳೂ ಬಂದಿದ್ದಳು. ಧಣಿಗಳು ಕಣ್ಣೊರೆಸಿಕೊಂಡು, "ನೋಡು, ಜಾಗ ತೆಕ್ಕೊಳ್ಳದೆ ಹೇಗೆ ಇರುವುದು?" ಎಂದರು. ಮಗಳು ಕನ್ನಡವನ್ನು ಹುಡುಕಿ ಹುಡುಕಿ ಹೇಳಿದಳು, "ಪಪ್ಪಾ, ಇವ್ರೆಲ್ಲ ಬಾಯ್ ಹೇಳ್ಲಿಕ್ಕೆ ಬಂದದ್ದು. ತಿನ್ಲಿಕ್ಕೆ ಅಲ್ಲ." ಧಣಿಗಳಿಗೆ ಸಿಟ್ಟು ಬಂತು. ನಿನಗೆ ಹೋಟೆಲಿನ ವ್ಯವಹಾರ ಗೊತ್ತಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದರು.

ಸೋಮವಾರ ಬೆಳಗ್ಗೆ ಬಿಲ್ಡರ್ ಫೋನ್ ಮಾಡಿದ. ಯಾವುದೋ ಕಾಗದ ಇನ್ನೂ ಆಗಿಲ್ಲವಂತೆ, ಸ್ವಲ್ಪ ದಿನ ನಡೆಸಿಕೊಂಡು ಹೋಗಿ ಎಂದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾ ಧಣಿಗಳು ಸಂಭ್ರಮದಿಂದ ಬೋರ್ಡು ತೆಗೆಸಿದರು, ನಿನ್ನೆಯ ಜನಕ್ಕೆ ಸಾಲದೆ ಹೋಗಿತ್ತೆಂದು ಎರಡು ಪಟ್ಟು ಕೋಳಿ ತರಿಸಿದರು.

ಒಂದು ನರಪಿಳ್ಳೆಯೂ ಬರಲಿಲ್ಲ. ನಿನ್ನೆ ಧಣಿಗಳನ್ನು ತಬ್ಬಿಕೊಂಡವರು ಇವತ್ತು ನಮ್ಮ ಬಾಗಿಲು ಕಂಡೊಡನೆ ರಸ್ತೆ ದಾಟಿ ಆಚೆ ಫುಟ್‌ಪಾತಿನಲ್ಲಿ ನಡೆದರು. ಕಾಕಾ ಕಿಟಕಿಯಿಂದ ಒಮ್ಮೆ ನೋಡಿ ಪರದೆ ಎಳೆದುಕೊಂಡರು. ಕೋಳಿಯನ್ನು ನಾವೇ ವಾರವಿಡೀ ತಿಂದೆವು.

ಮೂರನೆಯ ದಿನ ಪಕ್ಕದ ಗಲ್ಲಿಯ ಒಬ್ಬರು ಮೇಡಂ ಒಳಗೇ ಬಂದರು. ಕೂರಲಿಲ್ಲ. "ಇನ್ನೂ ಇದ್ದೀರಾ?" ಎಂದು ಕೇಳಿದರು. "ದುಬೈಯಲ್ಲಿರೋ ನನ್ನ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಒಂದು ಗಂಟೆ ಅತ್ತಳು. ಈಗ ಅವಳಿಗೆ ಏನಂತ ಹೇಳಲಿ? ನಮಗೂ ಮರ್ಯಾದೆ ಇದೆ. ಒಂದು ಪಕ್ಕಾ ತಾರೀಖು ಹೇಳಿ."

ಧಣಿಗಳು ಗಲ್ಲಾದಿಂದ ಎದ್ದು ನಿಂತು ಕೈ ಜೋಡಿಸಿದರು. "ತಪ್ಪಾಯ್ತು ಮೇಡಂ. ಆದಷ್ಟು ಬೇಗ ಮುಚ್ಚುತ್ತೇವೆ."

೪. ಕೆಡವುವವರ ಅಭಿಪ್ರಾಯ

ಆಮೇಲಿನ ದಿನಗಳಲ್ಲಿ ನಮ್ಮ ಖಾಯಂ ಗಿರಾಕಿಗಳೆಂದರೆ ಬಿಲ್ಡಿಂಗು ಕೆಡವಲಿಕ್ಕೆ ಬಂದವರು. ಕೆಲಸ ಸುರುವಾಗದೆ ಸುಮ್ಮನೆ ಕೂತಿದ್ದರು. ಅವರ ಮೇಸ್ತ್ರಿ ವಿಜಯಪುರ ಕಡೆಯವನು. ನಾವು ಕನ್ನಡದವರೆಂದು ತಿಳಿದ ಮೇಲೆ ದಿನಾ ಮಧ್ಯಾಹ್ನ ನಾಲ್ಕೈದು ಜನರನ್ನು ಕಟ್ಟಿಕೊಂಡು ಬರುತ್ತಿದ್ದ. ಡಬ್ಬಿಯಿಂದ ಜೋಳದ ರೊಟ್ಟಿ ತೆಗೆದು, ನಮ್ಮ ಮಂಚೂರಿಯನ್ ಗ್ರೇವಿಗೆ ಅದ್ದಿ ತಿನ್ನುತ್ತಿದ್ದ. ಹೊರಗಿನ ತಿಂಡಿ ತರಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ಆ ಗೋಡೆಯನ್ನೇ ಕೆಡವುವವನಿಗೆ ಅದನ್ನು ಓದಿ ಹೇಳುವ ಧೈರ್ಯ ನನಗಾಗಲಿಲ್ಲ.

ಧಣಿಗಳು ಅವನನ್ನೂ ಬಿಡದೆ ಕೇಳಿದರು, "ಹೊಸ ಬಿಲ್ಡಿಂಗಿನಲ್ಲಿ ತೆಗೆದರೆ ಬರ್ತೀರಾ?"

ಮೇಸ್ತ್ರಿ ರೊಟ್ಟಿ ಅಗಿಯುತ್ತಾ ಯೋಚನೆ ಮಾಡಿದ. "ಬರ್ತಿದ್ವಿರಿ ಸಾವ್ಕಾರ್ರ. ಆದ್ರ ಹೊಸಾ ಬಿಲ್ಡಿಂಗ್ ಆತಂದ್ರ ವಾಚ್‌ಮನ್ ನಮ್ಮನ್ನ ಗೇಟಿನ್ಯಾಗ ಬಿಡಂಗಿಲ್ರಿ. ನಾವ ಕೆಡವಿ ನಾವ ಕಟ್ಟಿದ ಬಿಲ್ಡಿಂಗಿನ್ಯಾಗ ಆಮ್ಯಾಲ ನಾವು ಕಾಲಿಟ್ಟದ್ದು ಒಂದೂ ಇಲ್ಲ."

ಅಷ್ಟು ದಿನಗಳಲ್ಲಿ ಧಣಿಗಳಿಗೆ ಸಿಕ್ಕ ಮೊದಲ ಪ್ರಾಮಾಣಿಕ ಉತ್ತರ ಅದು. ಅವರಿಗೆ ರುಚಿಸಲಿಲ್ಲ. ಮುಖ ಸಣ್ಣದಾದದ್ದು ಕಂಡು ಮೇಸ್ತ್ರಿ ಸಮಾಧಾನ ಹೇಳಿದ, "ಹೋಟೆಲ್ ಭಾಳ ಛಲೋ ಐತ್ರಿ. ಖರೇ ಹೇಳ್ತೀನಿ, ಕೆಡವಾಕ ಮನಸ್ಸ ಆಗವಲ್ದು."

"ಹಾಗಾದ್ರೆ ಬಿಡಿ ಮಾರಾಯ್ರೆ, ಕೆಡವ್ಬೇಡಿ" ಎಂದರು ಧಣಿಗಳು.

"ಮನಸ್ಸ ಆಗವಲ್ದು ಅಂದ್ನಿರಿ" ಎಂದ ಮೇಸ್ತ್ರಿ. "ಪಗಾರ ಬ್ಯಾಡ ಅಂದಿಲ್ಲ."

೫. ಎದುರು ಬಿಲ್ಡಿಂಗಿನ ಪಾರ್ಸಲ್

ಕೊನೆಗೂ ಬಿಲ್ಡರನ ಕಾಗದ ಆಯಿತು. ನಾಳೆ ಬೆಳಗ್ಗೆ ನನ್ನ ಮನುಷ್ಯ ಬರುತ್ತಾನೆ, ಜಾಗವೋ ಹಣವೋ ಹೇಳಿ ಸಹಿ ಹಾಕಿ, ಬೀಗದ ಕೈ ಕೊಡಿ ಎಂದ. ಧಣಿಗಳು ಮತ್ತೆ ಬೋರ್ಡು ಹಾಕಿಸಿದರು. ಓದಿದವರು, ಎಷ್ಟು ಸಲ ಸಾಯ್ತೀರಿ ಎನ್ನುವ ಹಾಗೆ ನೋಡಿ ಮುಂದೆ ಹೋದರು. ಅವತ್ತು ಸಂಜೆ ದೀಪ ಹಾಕುವ ಹೊತ್ತಿಗೂ ಒಂದು ಟೇಬಲ್ಲೂ ತುಂಬಿರಲಿಲ್ಲ. "ಆಫೀಸಿನಿಂದ ಬರುವ ಹೊತ್ತು, ಲೋಕಲ್ ಟ್ರೇನು ಲೇಟಾಗಿರಬೇಕು" ಎಂದರು ಧಣಿಗಳು. ಜಾಗ ತೆಗೆದುಕೊಳ್ಳುವುದೆಂದೇ ಅವರು ಆಗಲೂ ಮನಸ್ಸು ಮಾಡಿದ್ದರು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆಗ ಒಬ್ಬ ಒಳಗೆ ಬಂದ. ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಪಾರ್ಸಲ್, ತಲೆ ನರೆತಿತ್ತು. ಊಟ ತಲುಪಿಸುವವನು. ವಿಳಾಸ ಕೇಳಿದ. ಪಾರ್ಸಲ್ಲಿನ ಮೇಲೆ ಇನ್ನೊಂದು ಚೈನೀಸ್ ಹೋಟೆಲಿನ ಹೆಸರಿತ್ತು. ಅದರ ಕೆಳಗೆ ಎದುರು ಬಿಲ್ಡಿಂಗಿನ ಕಾಕಾ ಅವರ ಹೆಸರು.

ಅಂಥವರು ಇಲ್ಲಿ ಯಾರೂ ಇಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಧಣಿಗಳೂ ಎದ್ದು ಬಂದು ಓದಿದರು. ಆಮೇಲೆ, "ಎದುರು, ಎರಡನೇ ಮಾಳಿಗೆ. ಇದರಲ್ಲಿ ಚಟ್ನಿ ಹಾಕಿದ್ದಾರಾ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಮ್ಮ ಬೆಳ್ಳುಳ್ಳಿ ಮೆಣಸಿನ ಕೆಂಪು ಚಟ್ನಿಯನ್ನು ಧಣಿಗಳು ಯಾರ ಕೈಗೂ ಕೊಡದೆ ತಾವೇ ಮಾಡುತ್ತಿದ್ದರು. ಒಳಗೆ ಹೋಗಿ ಒಂದು ಡಬ್ಬಿ ತುಂಬಿ ತಂದು, ಇದನ್ನೂ ಜೊತೆಗೆ ಕೊಡು ಎಂದು ಅವನ ಕೈಯಲ್ಲಿಟ್ಟರು.

ನನಗೆ ತಡೆಯಲಾಗಲಿಲ್ಲ. "ಧಣಿ, ನಿಮ್ಮ ಮಂಡೆ ಸಮ ಉಂಟಾ?"

"ಚಟ್ನಿ ಇಲ್ಲದಿದ್ರೆ ಕಾಕಾಗೆ ನೂಡಲ್ಸ್ ಇಳಿಯುವುದಿಲ್ಲ ಮಾರಾಯ" ಎಂದರು. ಆಮೇಲೆ ಒಂದೊಂದೇ ಕುರ್ಚಿ ಎತ್ತಿ ಟೇಬಲ್ಲಿನ ಮೇಲೆ ಮಗುಚಿ ಹಾಕತೊಡಗಿದರು. ನಾನೂ ಕೈ ಹಾಕಿದೆ.

ಬೆಳಗ್ಗೆ ಬಿಲ್ಡರನ ಮನುಷ್ಯ ಎರಡು ಬಗೆಯ ಕಾಗದ ಹಿಡಿದು ಒಳಗೆ ಕೂತಿದ್ದ. ಮಗಳೂ ಬಂದಿದ್ದಳು. ಧಣಿಗಳೂ ನಾನೂ ಬಾಗಿಲಲ್ಲಿ ನಿಂತು ಪಾತ್ರೆಗಳನ್ನು ಟೆಂಪೋಗೆ ಹಾಕಿಸುತ್ತಿದ್ದೆವು. ಹಾಲು ತರಲು ಹೋಗಿದ್ದ ಕಾಕಾ ಎದುರಿಗೇ ಸಿಕ್ಕಿಬಿಟ್ಟರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಹೊರಟಿರಾ ಶೇಟ್? ನಮ್ಮ ಚಿಂತೆ ಮಾಡಬೇಡಿ" ಎಂದರು. "ನಿನ್ನೆ ಬೇರೆ ಕಡೆಯಿಂದ ತರಿಸಿ ನೋಡಿದೆ. ನೂಡಲ್ಸ್ ಸುಮಾರು. ಆದರೆ ಚಟ್ನಿ ಇದೆಯಲ್ಲ, ನಿಮ್ಮದಕ್ಕಿಂತ ಒಂದು ಕೈ ಮೇಲು. ಇಷ್ಟು ವರ್ಷ ಹೋಟೆಲು ನಡೆಸಿ ನೀವು ಅಂಥದ್ದು ಯಾಕೆ ಕಲಿಯಲಿಲ್ಲ?"

ನನ್ನ ಕೈಯಲ್ಲಿ ಕಡಾಯಿ ಇತ್ತು. ಏನೂ ಅನಾಹುತವಾಗದಿರಲೆಂದು ಅದನ್ನು ಕೆಳಗಿಟ್ಟೆ. ಧಣಿಗಳು ಮಾತ್ರ ಶಾಂತವಾಗಿದ್ದರು. "ಆ ಚಟ್ನಿ ಮಾಡುವವನು ನನಗೆ ಗೊತ್ತು ಕಾಕಾ. ಅವನು ಇವತ್ತಿಗೆ ಕೆಲಸ ಬಿಡ್ತಾ ಇದ್ದಾನೆ."

"ಅರೇರೇ, ಹಾಗಾದರೆ ಅವನು ಹೋಗುವ ಮೊದಲು ನನಗೊಂದು ಬಾಟಲಿ ಹೇಳಿ. ನಿಮ್ಮ ಮಾತು ಕೇಳ್ತಾನಲ್ಲ?"

"ಇಷ್ಟು ದಿನ ಯಾರ ಮಾತೂ ಕೇಳ್ತಿರಲಿಲ್ಲ" ಎಂದರು ಧಣಿಗಳು. "ಈಗ ಕೇಳ್ತಾನೆ."

ಅವರು ಒಳಗೆ ಹೋದರು. ಹಣದ ಕಾಗದ ಕೊಡಿ, ಜಾಗ ಬೇಡ ಎಂದು ಹೇಳಿದ್ದು ನನಗೆ ಬಾಗಿಲಿಗೇ ಕೇಳಿಸಿತು. ಸಹಿ ಹಾಕಿದರು. ಮಗಳು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಧಣಿಗಳು ಅಡುಗೆಮನೆಗೆ ಹೋಗಿ, ಉಳಿದಿದ್ದ ಚಟ್ನಿಯನ್ನೆಲ್ಲ ಒಂದು ಬಾಟಲಿಗೆ ಬಳಿದು ತುಂಬಿ, ಅದರ ಬಾಯಿ ಒರೆಸಿ, ತಂದು ಕಾಕಾ ಅವರ ಕೈಯಲ್ಲಿಟ್ಟರು.

ಕಾಕಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. "ಇಷ್ಟು ಬೇಗ ಬಂತಾ? ನಿನ್ನೆ ನನ್ನನ್ನು ಮುಕ್ಕಾಲು ಗಂಟೆ ಕಾಯಿಸಿದರು."