ಬರ್ತೀನಿ ಅಂದ ಮೇಲೆ

ನಮ್ಮ ಕಡೆ ಮನೆಯಿಂದ ಹೊರಡುವಾಗ 'ಹೊಕ್ಕೀನಿ', ಅಂದರೆ ಹೋಗ್ತೀನಿ, ಅನ್ನುವ ಹಾಗಿಲ್ಲ. ಸಣ್ಣವಳಿದ್ದಾಗ ನಾನು ಪಾಟೀಚೀಲ ಹೆಗಲಿಗೇರಿಸಿ "ಯವ್ವಾ, ಸಾಲಿಗೆ ಹೊಕ್ಕೀನಿ" ಅಂದರೆ ಸಾಕು, ಅವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದಳು. "ಹೊಕ್ಕೀನಿ ಅನಬಾರ್ದು ಬೇ, ಬರ್ತೀನಿ ಅನ್ನು" ಎಂದು ಒಳಗೆ ಕರೆದು, ಒಂದು ಗಳಿಗೆ ಕೂರಿಸಿ, ಮತ್ತೆ ಹೊಸದಾಗಿ ಕಳಿಸುತ್ತಿದ್ದಳು. ಹೀಗೆ ಬೆಳೆದ ನಮ್ಮ ಮಂದಿ ಕೊತ್ತಂಬರಿ ತರಲು ಹೋದರೂ ಬರ್ತೀನಿ, ಮದುವೆ ಮಾಡಿ ಕೊಟ್ಟ ಮಗಳ ಮನೆಯಿಂದ ಹೊರಟರೂ ಬರ್ತೀನಿ. ಹಲ್ಲು ಕೀಳಿಸಿಕೊಂಡು, ಜನ್ಮದಲ್ಲಿ ಇತ್ತ ತಲೆ ಹಾಕಬಾರದು ಅಂದುಕೊಂಡೇ ಎದ್ದವರೂ ಡಾಕ್ಟರಿಗೆ ಕೈ ಮುಗಿದು "ಬರ್ತೀನ್ರಿ" ಅನ್ನುತ್ತಾರೆ. ಇದೇ ಮಾತು ನನ್ನನ್ನು ಜರ್ಮನಿಯಲ್ಲಿ ಸುಳ್ಳುಬುರುಕಿ ಮಾಡಿತು. ಹೌದು, ಜರ್ಮನಿಯಲ್ಲಿ. ಅಲ್ಲಿಗೆ ನಾನು ಹೋಗಿ ಬಂದಿದ್ದೇನೆ ಎಂಬುದನ್ನು ಆದಷ್ಟು ಬೇಗ ಹೇಳಿಬಿಡುವುದು ನನ್ನ ಅಭ್ಯಾಸ.

ನಾನು ರಬಕವಿಯ ಕನ್ನಡ ಸಾಲಿ ಟೀಚರ್, ಹೆಸರು ರೂತ್. ನಮ್ಮನಿಯವರದು ಮಗ್ಗದ ಕೆಲಸ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆ. ನಮ್ಮ ಚರ್ಚಿನಲ್ಲಿ ಗಂಟೆ ಬಾರಿಸಿದರೆ ಜನಕ್ಕಿಂತ ಮೊದಲು ಪಾರಿವಾಳ ಏಳುತ್ತವೆ. ಅಲ್ಲಿ ಭಾನುವಾರ ಮಕ್ಕಳಿಗೆ ಹಾಡು, ಕಥೆ ಹೇಳಿಕೊಡುವವಳೂ ನಾನೇ. ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದು ಕೆಲವು ವರ್ಷವಾಗಿತ್ತು, ಆಗ ಜರ್ಮನಿಯ ಒಂದು ಚರ್ಚಿನವರು ತಮ್ಮ ಯುವಜನರ ಬೇಸಿಗೆ ಶಿಬಿರಕ್ಕೆ ನಮ್ಮಲ್ಲಿಂದ ಒಬ್ಬ ಸ್ವಯಂಸೇವಕರನ್ನು ಕಳಿಸಿ ಅಂದರು. ಯಾರು ಹೋಗಬೇಕು ಎಂಬ ಪ್ರಶ್ನೆ ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರ ಮನಸ್ಸಿನಲ್ಲಿ ಏಳಲೇ ಇಲ್ಲ. ಅವರು ಜಮಖಂಡಿಗೆ ಹೋಗಿ ಕೋಟು ಹೊಲಿಸಿಕೊಂಡು ಬಂದರು. ಕೋಟು ಬಂದ ಮೇಲೆ, ಹುಡುಗಿಯರ ಜೊತೆ ಇರಲು ಹೆಣ್ಣುಮಗಳೇ ಬೇಕು ಎಂಬ ಸುದ್ದಿ ಬಂತು. ಪಾಪ, ಆ ಕೋಟು ಮುಂದೆ ಎಷ್ಟೋ ಮದುವೆ ಮಾಡಿಸಿತು.

ಆದರೆ ಅವರು ದೊಡ್ಡ ಮನಸ್ಸಿನವರು. ಬಸ್ ಸ್ಟ್ಯಾಂಡಿಗೆ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ರೂತಬಾಯಿ, ನಮ್ಮ ಸಭಾದ ಮರ್ಯಾದಿ ನಿಮ್ಮ ಕೈಯಾಗೈತಿ. ರಬಕವಿ ಮಂದಿ ಹಿಂಗಿರ್ತಾರ ಅಂತ ಅವರು ನಿಮ್ಮನ್ನ ನೋಡಿನ ತಿಳ್ಕೊತಾರ" ಅಂದರು. ಪಕ್ಕದ ಮನೆಯ ಗಂಗವ್ವ, ಅಪ್ಪಟ ಲಿಂಗವಂತಿ, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ತಂದಿದ್ದಳು. "ರೂತಕ್ಕಾ, ಅಲ್ಲಿ ಎಲ್ಲಾರೂ ನಿಮ್ಮ ದೇವರ ಮಂದಿನ ಅಂತಲ್ಲ. ಖರೆ, ನಮ್ಮ ಓಣಿ ಹೆಸರು ಕೆಡಸಬ್ಯಾಡ ನೋಡು!" ಎಂದು ಅವಳೂ ತನ್ನ ಪಾಲಿನ ಭಾರ ಹೊರಿಸಿದಳು. ನಾನು ಎಲ್ಲರಿಗೂ ಬರ್ತೀನಿ, ಬರ್ತೀನ್ರಿ ಅಂದು ಬಸ್ಸು ಹತ್ತಿದೆ. ಚೀಲಕ್ಕಿಂತ ಎದೆಯೇ ಉಬ್ಬಿತ್ತು.

ಸ್ವಯಂಸೇವಕಿ ಅಂದರೆ ಎದೆಗೆ ಬಿಲ್ಲೆ ಹಚ್ಚಿಕೊಂಡು ವೇದಿಕೆಯ ಮೇಲೆ ಮೂರನೇ ಕುರ್ಚಿಯಲ್ಲಿ ಕೂರುವವಳು ಎಂದು ನಾನು ತಿಳಿದಿದ್ದೆ. ಕಾಡಿನ ನಡುವೆ, ಕೆರೆಯ ದಂಡೆಗಿದ್ದ ಆ ಶಿಬಿರದಲ್ಲಿ ಬಿಲ್ಲೆ ಕೊಟ್ಟರು, ಅದರ ಜೊತೆಗೆ ಆಲೂಗಡ್ಡೆಯ ಗುಡ್ಡೆಯನ್ನೂ ಕೊಟ್ಟರು. ವೇದಿಕೆ ಇರಲಿಲ್ಲ. ಶಿಬಿರದ ಮುಖ್ಯಸ್ಥೆ ಹಾನಾ, ಎತ್ತರದ ಹೆಂಗಸು, ತಾನೂ ನನ್ನ ಎದುರು ಕೂತು ಸಿಪ್ಪೆ ತೆಗೆದಳು. ಸರಿ, ನಾನೇನು ಕಡಿಮೆ? ಹಬ್ಬಕ್ಕೆ ಓಣಿಗೆಲ್ಲ ಬದನೆಕಾಯಿ ಹೆಚ್ಚಿದ ಕೈ ಇದು. ಅರ್ಧ ತಾಸಿನಲ್ಲಿ ನನ್ನ ಗುಡ್ಡೆ ಕರಗಿತು, ಹಾನಾಳದು ಹಾಗೇ ಇತ್ತು. ಅದನ್ನೂ ನಾನೇ ಎಳೆದುಕೊಂಡೆ. ಅಡುಗೆಮನೆಯಲ್ಲಿ ನನಗೆ ಭಾರೀ ಹೆಸರು ಬಂತು.

ಮಧ್ಯಾಹ್ನ ಊಟವಾದ ಮೇಲೆ ಒಂದು ಗುಂಪಿನ ಹುಡುಗಿಯರಿಗೆ ನಾನು ಕಥೆ ಹೇಳಬೇಕು. ಹದಿನಾಲ್ಕು ಹದಿನೈದರ ಪೋರಿಯರು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನದು ಅದಕ್ಕೂ ಅಷ್ಟಕ್ಕಷ್ಟೆ, ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. ದೊಡ್ಡ ಮರದ ಕೆಳಗೆ ಕೂತು ಕಳೆದುಹೋದ ಕುರಿಯ ಕಥೆ ಹೇಳಿದೆ. ಕುರಿಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ, ತವರೂರು ಅನಗವಾಡಿಯಲ್ಲಿ ಬೀರಪ್ಪನ ಒಕ್ಕಲಿನ ಕುರುಬರ ಕುರಿಹಟ್ಟಿಯ ಪಕ್ಕದಲ್ಲೇ ಬೆಳೆದವಳು. ಕುರಿ ಒದರುವುದನ್ನು ಒದರಿ ತೋರಿಸಿದೆ, ಕುರುಬ ಕರೆಯುವುದನ್ನು ಕೂಗಿ ತೋರಿಸಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಯಾರೊಂದಿಗೂ ಮಾತಾಡದೆ ತುದಿಗೆ ಕೂತಿದ್ದ ಲೇನಾ ಎಂಬ ಹುಡುಗಿಯೂ ನಕ್ಕಳು. ಕುರಿ ಇನ್ನೂ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಅಡುಗೆಮನೆಯ ಗಂಟೆ ಬಾರಿಸಿತು. ನಾನು ಸೆರಗು ಕೊಡವಿ ಎದ್ದು, ಎಲ್ಲರಿಗೂ ಕೈ ಮಾಡಿ, ಮರ್ಯಾದೆಯಿಂದ "ಐ ಕಮ್" ಅಂದು ಹೊರಟೆ.

ಹೋದವಳು ಹೋದೆ. ಪಾತ್ರೆ ತೊಳೆದೆ, ಆಲೂಗಡ್ಡೆ ಮುಗಿಸಿದೆ, ನನ್ನ ಕೋಣೆಗೆ ಹೋಗಿ ಕಾಲು ಚಾಚಿದೆ. ಇತ್ತ ಹುಡುಗಿಯರು ಮರದ ಕೆಳಗೆ ಕಾದರು. ದೋಣಿ ಆಟದ ಸರದಿ ಬಂತು, ಹೋಗಲಿಲ್ಲ. ಟೀಚರ್ ಬರ್ತೀನಿ ಅಂದಿದ್ದಾಳಲ್ಲ! ಆಮೇಲೆ ಒಬ್ಬೊಬ್ಬರೇ ಗೊಣಗುತ್ತ ಎದ್ದು ಹೋದರು. ಮರುದಿನವೂ ಇದೇ ಕಥೆ. ಮೂರನೇ ದಿನ ಹಾನಾ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮೆತ್ತಗೆ, "ರೂತ್, ಮಕ್ಕಳು ಹೇಳ್ತಿದ್ದಾರೆ, ನೀವು ಒಂದು ಮಾತು ಕೊಡ್ತೀರಿ, ಅದರಂತೆ ನಡೆಯೋದಿಲ್ಲ ಅಂತ. ನಮ್ಮಲ್ಲಿ ಇದು ದೊಡ್ಡ ವಿಷಯ. ನಿನ್ನೆ ಲೇನಾ ರಾತ್ರಿಯೂಟದವರೆಗೆ ಅಲ್ಲೇ ಕೂತಿದ್ದಳು, ಮಳೆ ಬಂದರೂ ಏಳಲಿಲ್ಲ. ನಿಮಗೆ ಕಥೆ ಹೇಳುವುದು ಬೇಡವಾದರೆ ಬೇರೆಯವರಿಗೆ ಕೊಡೋಣ" ಅಂದಳು.

ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನು ಸುಳ್ಳು ಹೇಳುವವಳೇ! ಹಾಜರಿ ಹಾಕಿ ಸಾಲಿ ತಪ್ಪಿಸಿದವಳಲ್ಲ, ಗಂಗವ್ವನ ಹತ್ತಿರ ಒಂದು ಬಟ್ಟಲು ಸಕ್ಕರೆ ಇಸಕೊಂಡರೆ ಗೋಪುರ ಕಟ್ಟಿ ತಿರುಗಿ ಕೊಟ್ಟವಳು. ಸಭೆಯ ಮರ್ಯಾದೆ, ಓಣಿಯ ಹೆಸರು, ಎರಡನ್ನೂ ಒಂದೇ ಏಟಿಗೆ ಆ ಕೆರೆಯಲ್ಲಿ ಮುಳುಗಿಸಿದೆನಲ್ಲ ಎಂದು ಅಳು ಬಂತು. ಏನು ತಪ್ಪಾಯಿತು ಎಂಬುದು ಮಾತ್ರ ಆಗಲೂ ತಲೆಗೆ ಹೋಗಲಿಲ್ಲ. ಮೂಗು ಕೆಂಪಾದದ್ದನ್ನು ನೋಡಿ ಹಾನಾ, ಮನೆಗೆ ಮಾತಾಡಿ ಎಂದು ಆಫೀಸಿನ ಫೋನು ಕೊಟ್ಟಳು.

ಆ ಕಡೆ ಮಗ್ಗದ ಸದ್ದಿನ ನಡುವೆ ನಮ್ಮನಿಯವರು ಒದರುತ್ತಿದ್ದರು. "ಏನಂತ? ಕೇಳವಲ್ದು! ಆರಾಮದಿ ಇಲ್ಲೋ?" ನಾನು ಅತ್ತು ಹೇಳಿದ್ದು ಅವರಿಗೆ ಒಂದೂ ಮುಟ್ಟಲಿಲ್ಲ. ಸಾಕಾಗಿ, ರೂಢಿಯಂತೆ "ಇರ್ಲಿ ಬಿಡ್ರಿ, ಬರ್ತೀನಿ" ಅಂದೆ. ಆ ಮಾತು ಮಾತ್ರ ಸ್ಪಷ್ಟವಾಗಿ ಮುಟ್ಟಿತು. ಮಗ್ಗ ನಿಂತಿತು. "ಬರ್ತೀಯಾ? ಈಗನ? ಯಾಕ, ಏನ್ ಮಾಡಿದಿ ಅಲ್ಲಿ? ಹೊರಗ ಹಾಕಿದ್ರೇನು? ಕರಕೊಂಡ್ ಬರಾಕ ನಾ ಮುಂಬೈಗೆ ಬರ್ಲ್ಯಾ?" ಅಂದರು. ಕಟ್ಟಿಕೊಂಡ ಗಂಡನೇ, ರಬಕವಿಯಲ್ಲೇ ಹುಟ್ಟಿದವನೇ, ಬರ್ತೀನಿ ಅಂದರೆ ಬರ್ತಾಳೆ ಅಂತ ತಿಳಿದರೆ ಆ ಕೂಸುಗಳ ತಪ್ಪೇನು! ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

ಮರುದಿನ ಬೆಳಿಗ್ಗೆ ತಿಂಡಿಗೆ ಎಲ್ಲರೂ ಸೇರಿದಾಗ ಎದ್ದು ನಿಂತೆ. ನಮ್ಮಲ್ಲಿ ಹೋಗುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ ಎಂದೆ. ಹಾನಾ ಜರ್ಮನ್‌ನಲ್ಲಿ ಹೇಳಿದಳು. ಒಬ್ಬ ಹುಡುಗ ಕೇಳಿದ, "ಬರೋದೇ ಇಲ್ಲ ಅಂತ ಗೊತ್ತಿದ್ದರೂ?" ಒಳ್ಳೆ ಪ್ರಶ್ನೆ. ನನಗೆ ಅವ್ವ ನೆನಪಾದಳು. ಡ್ಯಾಮಿನ ನೀರು ಬರುತ್ತದೆ ಎಂದು ಅನಗವಾಡಿಯ ಮನೆ ಬಿಟ್ಟ ದಿನ, ಟ್ರ್ಯಾಕ್ಟರಿಗೆ ಸಾಮಾನು ಹೇರಿಯಾಗಿತ್ತು. ಅವ್ವ ಇಳಿದು ಮತ್ತೆ ಹೋಗಿ, ಬಾಗಿಲ ಚೌಕಟ್ಟು ಮುಟ್ಟಿ, "ಬರ್ತೀನವ್ವಾ" ಎಂದು ಮನೆಗೆ ಹೇಳಿದ್ದಳು. ಆ ಮನೆ ನೀರಿಗೆ ಹೋಗುವುದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇದನ್ನು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಹಾನಾ ಅನುವಾದ ಮಾಡುತ್ತ ಮಾಡುತ್ತ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ನಾನು ನೇರ ಲೇನಾಳ ಹತ್ತಿರ ಹೋಗಿ, "ಮಳಿಯಾಗ ಕುಂಡ್ರಿಸಿದೆ, ತಪ್ಪಾತವಾ" ಎಂದು ಕನ್ನಡದಲ್ಲೇ ಅಂದೆ. ಅವಳಿಗೆ ಅರ್ಥವಾಯಿತು.

ಅಂದಿನಿಂದ ಆ ಶಿಬಿರದಲ್ಲಿ ಯಾರೂ ಹೋಗಲಿಲ್ಲ. ಸ್ನಾನಕ್ಕೆ ಹೊರಟವರು "ಬಾರ್ಟೀನಿ", ದೋಣಿ ಹತ್ತಿದವರು "ಬಾರ್ಟೀನಿ", ಪ್ರಾರ್ಥನೆಗೆ ಬಂದ ದಪ್ಪ ಮೀಸೆಯ ಪಾದ್ರಿಗಳು ಆಮೆನ್ ಆದ ಮೇಲೆ "ಬಾರ್ಟೀನಿ". ಉತ್ತರವಾಗಿ "ಹೂಂ, ಬಾ" ಅನ್ನಬೇಕು ಎಂದೂ ಕಲಿಸಿದೆ. ನಮ್ಮವರು ಜರ್ಮನಿಯಿಂದ ಏನೇನೋ ಕಲಿತು ಬರುತ್ತಾರಂತೆ, ಬರಲಿ. ನಾನು ಜರ್ಮನಿಗೆ ರಬಕವಿಯ ಮಾತು ಕಲಿಸಿ ಬಂದೆ. ಇದನ್ನು ಬರೆಯುವಾಗಲೂ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ. ಕಳೆದುಹೋದ ಕುರಿಯೂ ಕೊನೆಗೆ ಸಿಕ್ಕಿತು.

ಹೊರಡುವ ದಿನ ರೈಲಿನ ಹತ್ತಿರ ಎಲ್ಲ ಹುಡುಗಿಯರೂ ಕೂಗಿದರು, ನಾನೂ ಕೂಗಿದೆ. ಲೇನಾ ಮಾತ್ರ ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ "ಬರ್ತೀನಿ" ಅಂದಳು. ನನ್ನ ಸಾಲಿಯ ಮಕ್ಕಳಿಗೂ ಅಷ್ಟು ಶುದ್ಧವಾಗಿ ಅನ್ನಲು ಬರುವುದಿಲ್ಲ. "ಹೂಂ, ಬಾ ನಮ್ಮವ್ವಾ. ನಾನೂ ಬರ್ತೀನಿ" ಎಂದು ಕಣ್ಣೀರಿಟ್ಟು ರೈಲು ಹತ್ತಿದೆ.

ಊರಿಗೆ ಬಂದು ಈ ಕಥೆಯನ್ನು ಚರ್ಚಿನಲ್ಲಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಬನಹಟ್ಟಿ ಸಂತೆಯಲ್ಲಿ ತರಕಾರಿಯವಳಿಗೂ ಹೇಳಿದೆ. ಕೆಲವು ವರ್ಷ ಹೇಳುತ್ತಲೇ ಇದ್ದೆ. ಒಂದು ಶನಿವಾರ ಮಧ್ಯಾಹ್ನ ತಲೆಗೆ ಎಣ್ಣೆ ಬಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದೆ, ಗಂಗವ್ವ ಓಡಿ ಬಂದಳು. "ರೂತಕ್ಕಾ, ಏಳು ಏಳು! ಬಿಳಿ ಹುಡಿಗಿ ಒಂದು ಬಸ್ ಸ್ಟ್ಯಾಂಡಿನಾಗ ನಿಂತು, ಎಲ್ಲಾರಿಗೂ ನಿನ್ನ ಹೆಸರು ಹೇಳಿ ಬರ್ತೀನಿ, ಬರ್ತೀನಿ ಅನ್ನಾಕತ್ತೈತಿ. ಬಂದ ಮ್ಯಾಲೂ ಯಾಕ ಬರ್ತೀನಿ ಅಂತಾಳಬೇ?" ಎಣ್ಣೆ ತಲೆಯಲ್ಲೇ ಓಡಿದೆ. ಬೆನ್ನಿಗೆ ಚೀಲ ಕಟ್ಟಿಕೊಂಡು, ಬಿಸಿಲಿಗೆ ಕೆಂಪಾಗಿ, ಎತ್ತರಕ್ಕೆ ಬೆಳೆದು ನಿಂತಿದ್ದಳು ಲೇನಾ. ನಾನು ಹುಟ್ಟಿದಂದಿನಿಂದ ಸಾವಿರ ಮಂದಿಗೆ ಅಂದು ಮರೆತ ಮಾತನ್ನು, ಆ ಹುಡುಗಿ ಒಂದೇ ಸಲ ಅಂದು, ಸಮುದ್ರ ದಾಟಿ ಬಂದು ನಡೆಸಿಕೊಟ್ಟಿದ್ದಳು. ಬಸ್ ಸ್ಟ್ಯಾಂಡಿನ ಮಂದಿಯೆದುರೇ ತಬ್ಬಿಕೊಂಡು ಅತ್ತೆ. ನಾಚಿಕೆ ಏನಿಲ್ಲ.

ಒಂದು ವಾರ ಇದ್ದಳು. ಗಂಗವ್ವನ ಕೈಯಲ್ಲಿ ರೊಟ್ಟಿ ಬಡಿಯಲು ಕಲಿತಳು, ನಮ್ಮನಿಯವರ ಮಗ್ಗದಲ್ಲಿ ಎಳೆ ಹರಿದಳು, ನಮ್ಮ ಸಭಾಪಾಲಕರು ಆ ಕೋಟು ಹಾಕಿಕೊಂಡು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಓಣಿಯಲ್ಲಿ ನಾನು ನಡೆದರೆ ನೆಲಕ್ಕೆ ಕಾಲು ತಾಗುತ್ತಿರಲಿಲ್ಲ. ಕೊನೆಯ ದಿನ ಬಸ್ಸಿನ ಕಿಟಕಿಯಿಂದ ಅವಳು "ಬರ್ತೀನಿ" ಅಂದಳು, ಇಡೀ ಓಣಿ "ಹೂಂ, ಬಾ" ಅಂದಿತು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ರೂತ್ ಟೀಚರ್, ನೀವೂ ಬರ್ತೀನಿ ಅಂದಿದ್ದಿರಿ. ಯಾವಾಗ?" ಎಂದು ಕೇಳಿದಳು. ಮಳೆಯಲ್ಲಿ ಕಾದು ಕೂತ ಅದೇ ಕಣ್ಣು. ಬಸ್ಸು ಹೊರಟಿತು. ಗಾಬರಿಯಲ್ಲಿ ನನ್ನ ಬಾಯಿಂದ "ನೋಡೂಣು" ಎಂಬ ಮಾತು ಬಂದುಬಿಟ್ಟಿತು. ಅವಳು ಕಿಟಕಿಯಿಂದ ಕುತ್ತಿಗೆ ಹೊರಹಾಕಿ, "ನೋಡೂಣು ಅಂದರೆ?" ಎಂದು ಕೂಗಿದಳು. ಸುತ್ತ ನಿಂತ ರಬಕವಿಯ ಮಂದಿಯೆಲ್ಲ ನೆಲ ನೋಡುತ್ತ ನಿಂತರು. ಅದರ ಅರ್ಥವನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.