ಬಿಸಿ ಟವೆಲ್ಲಿನಲ್ಲಿ ಕಾಲೊರೆಸಿದ ನೆಗೆಣ್ಣಿ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆ ಹೇಳಿದವಳು ನಾನೇ ಆಗಿದ್ದರಂತೂ ಸುತರಾಂ ನಂಬಬೇಡಿ! ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ ‘ಅಕ್ಕಾರ’ ಎನ್ನುತ್ತೇನೆ, ಹಿಂದೆ ‘ಅವಳು’. ಪುಣೆಯ ಸದಾಶಿವ ಪೇಠದ ಒಂದೇ ಹಳೆಯ ಕಟ್ಟಡದಲ್ಲಿ ಅವಳು ಮೇಲಿನ ಮನೆ, ನಾನು ಕೆಳಗಿನ ಮನೆ. ಇಪ್ಪತ್ತೆರಡು ವರ್ಷಗಳಿಂದ ಉಳಿದೆಲ್ಲ ವಿಷಯದಲ್ಲೂ ಇದೇ ಏರ್ಪಾಡು.

ಇಬ್ಬರೂ ಒಂದೇ ಗಿರಣಿಯ ಜೋಳದ ಹಿಟ್ಟು ತರುತ್ತೇವೆ. ಅವಳ ರೊಟ್ಟಿ ಉಬ್ಬುತ್ತದೆ, ನನ್ನದು ಬಿರಿಯುತ್ತದೆ. ಕಾಯಿಪಲ್ಯದವನು ನನಗೆ ನಾಲ್ಕು ಎಳೆ ಕೊತ್ತಂಬರಿ ಕೊಡಲು ಮುಖ ಸಿಂಡರಿಸುತ್ತಾನೆ. ಅವಳ ಚೀಲಕ್ಕೆ ಕೇಳದೆಯೇ ಒಂದು ಸಿವುಡು! ಅವಳ ಮರಾಠಿಯಲ್ಲಿ ಅರ್ಧ ಕನ್ನಡ. ನಾನು ಶುದ್ಧವಾಗಿ ಮಾತಾಡುತ್ತೇನೆ. ಏನು ಪ್ರಯೋಜನ?

ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ನುಂಗಲಾಗದ್ದು ಒಂದೇ. ವರ್ಷವರ್ಷ ನಾಗರ ಪಂಚಮಿಗೆ ಅವಳು ಇಂಡಿ ಕಡೆಯ ತವರಿಗೆ ಹೋಗುತ್ತಾಳೆ. ಹದಿನೈದು ದಿನ ಕೂತು ಉಂಡು ಗಲ್ಲ ತುಂಬಿಕೊಂಡು ಬರುತ್ತಾಳೆ. ನಾನು ಒಬ್ಬಳೇ ಮಗಳು. ಅವ್ವ ಹೋದಳು, ವರ್ಷ ತುಂಬುವುದರೊಳಗೆ ಅಪ್ಪನೂ ಹೋದ. ಅಲ್ಲಿಗೆ ನನ್ನ ತವರು ಮುಗಿಯಿತು. ಪಂಚಮಿಯ ದಿನಗಳಲ್ಲಿ ನಾನು ಬಾಗಿಲು ಮುಂದೆ ಮಾಡಿಕೊಂಡು, ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತೇನೆ.

ಇಂಥವಳಿಗೆ ಹೋದ ಚಳಿಗಾಲ ಇನ್ನೊಂದು ಭಾಗ್ಯ ಒದಗಿತು. ಭಾವನವರ ನಿವೃತ್ತಿಗೆ ಕಾರ್ಖಾನೆಯವರು, ಸಹ್ಯಾದ್ರಿಯ ಗುಡ್ಡದ ಮೇಲಿನ ಒಂದು ಭಾರೀ ಹೋಟೆಲಿನಲ್ಲಿ ಇಬ್ಬರಿಗೆ ಎರಡು ದಿನದ ವಾಸವನ್ನು ಉಡುಗೊರೆ ಕೊಟ್ಟರು. ಕಣಿವೆಯ ಅಂಚಿನಲ್ಲಿ ಈಜುಕೊಳ, ಗೋಡೆಗಳೆಲ್ಲ ಗಾಜು! ಫೋಟೋ ನೋಡಿಯೇ ನನ್ನ ಹೊಟ್ಟೆಯಲ್ಲಿ ಸಾಸಿವೆ ಸಿಡಿಯಿತು. ಭಾವನವರು, “ಘಾಟಿನಾಗ ನನಗ ವಾಂತಿ ಆಗ್ತದ, ನಾ ಒಲ್ಲೆ” ಎಂದುಬಿಟ್ಟರು. ಇವಳು ಕೆಳಗಿಳಿದು ಬಂದು, “ಚೀಲಾ ತುಂಬಿಕೋ, ನೀ ಬರ್ತಿ” ಎಂದಳು.

“ನಾ ಯಾಕ್ರಿ ಅಕ್ಕಾರ?”

“ಯಾಕಂತ ಕೇಳಿದ್ರ ಇನ್ನೊಬ್ಬಾಕಿನ್ನ ಕರಕೊಂಡು ಹೋಗ್ತೀನಿ ನೋಡು!”

ಯಾಕೆಂದು ನನಗೆ ತಿಳಿಯದೆ? ಮೆರೆಯುವವರಿಗೆ ನೋಡುವವರು ಬೇಕಲ್ಲ! ಆದರೂ ಹೊರಟೆ. ಹೊಸ ಕುರ್ತಾ ಹೊಲಿಸಿದೆ. ದೊಡ್ಡ ಹೋಟೆಲಿನ ರೀತಿ ರಿವಾಜುಗಳನ್ನು ಒಂದು ವಾರ ಫೋನಿನಲ್ಲಿ ನೋಡಿ ಕಲಿತೆ. ಅಲ್ಲಾದರೂ ಅವಳಿಗಿಂತ ಒಂದು ಕೈ ಮೇಲಾಗಬೇಕೆಂಬ ಹಟ.

ಹೋಟೆಲು ಮುಟ್ಟಿದೆವು. ಸ್ವಾಗತದ ಹುಡುಗಿ ಬೆಳ್ಳಿಯಂಥ ತಟ್ಟೆಯಲ್ಲಿ ಸುರುಳಿ ಸುತ್ತಿದ ಎರಡು ಬಿಸಿ ಟವೆಲ್ ತಂದಳು. ಗಮ್ಮೆನ್ನುವ ಪರಿಮಳ! ನಾನು ಕಲಿತಂತೆ ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡೆ. ಇವಳು ಸೋಫಾದಲ್ಲಿ ಕೂತು, ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಹಿಮ್ಮಡಿಯಿಂದ ಬೆರಳ ಸಂದಿಯವರೆಗೆ ತಿಕ್ಕಿ ಒರೆಸಿದಳು.

“ಎಷ್ಟು ರೀತಿ ಬಲ್ಲ ಮಂದಿ ನೋಡು! ಕಾಲಿಗೆ ನೀರು ಕೊಡೂ ಬದ್ಲಿ ಬಿಸಿ ಬಟ್ಟೀನ ಕೊಟ್ಟಾರ.”

“ಅಕ್ಕಾರ, ಅದು ಮುಖಕ್ಕರಿ!”

“ಚಪ್ಪಲಿಯೊಳಗ ಧೂಳಾಗಿದ್ದು ಮುಖಾನೋ ಕಾಲೋ?”

ಹುಡುಗಿ ಬೈಯುತ್ತಾಳೆಂದು ಕಾದೆ. ಅವಳು ನಕ್ಕು, “ಕಾಕೂ, ಆಣಖಿ ಏಕ್ ದೇವೂ ಕಾ?” ಎಂದು ಇನ್ನೊಂದು ಟವೆಲ್ ತಂದುಕೊಟ್ಟಳು. ಶಾಸ್ತ್ರೋಕ್ತವಾಗಿ ಮುಖ ಒರೆಸಿಕೊಂಡ ನನ್ನ ಕಡೆ ಒಂದು ನರಪಿಳ್ಳೆಯೂ ನೋಡಲಿಲ್ಲ.

ಕೋಣೆಯಲ್ಲಿ ಬಚ್ಚಲಿಗೂ ಗಾಜಿನ ಗೋಡೆ. “ಇಷ್ಟು ದೊಡ್ಡ ಹೋಟೆಲ್ ಕಟ್ಟಿದವ್ರಿಗೆ ಬಚ್ಚಲಕ್ಕ ನಾಲ್ಕು ಇಟ್ಟಂಗಿ ಸಿಗಲಿಲ್ಲೇನ?” ಎಂದು ಇವಳು ತನ್ನ ಇಳಕಲ್ ಸೀರೆ ಅಡ್ಡ ಕಟ್ಟಿದಳು. ಕೋಣೆ ಒಪ್ಪ ಮಾಡಲು ಬಂದ ಹೆಂಗಸು ಆ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ತೆಗೆದವಳು ನಾನು!

ರಾತ್ರಿಯ ಊಟ ಇನ್ನೊಂದು ಕಥೆ. ಪರಾತದಷ್ಟು ದೊಡ್ಡ ತಟ್ಟೆ, ನಟ್ಟನಡುವೆ ಸುಪಾರಿಯಷ್ಟು ಪದಾರ್ಥ, ಮೇಲೊಂದು ಎಲೆ. ನಾನು ಫೋರ್ಕಿನಿಂದ ತಿಂದು, “ಭಾಳ ರುಚಿ ಅದ” ಎಂದೆ. ಇವಳು ಕೈ ಮುಗಿದು ಕೂತೇ ಇದ್ದಳು, ಮುಟ್ಟಲಿಲ್ಲ. ಗಾಬರಿಯಾಗಿ ಸಾತಾರ ಕಡೆಯ ಬಾಣಸಿಗನೇ ಹೊರಗೆ ಬಂದ. “ದೇವಾಚಂ ಝಾಲಂ, ಆತಾ ಮಾಣಸಾಂಚಂ ಊಟ ಕಧೀ?” ಎಂದು ಕೇಳಿದಳು ಪುಣ್ಯಾತ್ಗಿತ್ತಿ. ದೇವರದಾಯಿತು, ಇನ್ನು ಮನುಷ್ಯರ ಊಟ ಯಾವಾಗ, ಎಂದು! ಅವಳು ಅದನ್ನು ನೈವೇದ್ಯ ಅಂದುಕೊಂಡಿದ್ದಳು. ಆ ಸಾತಾರದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕು, ಕೆಲಸದವರಿಗೆಂದು ಮಾಡಿದ್ದ ಕಡಲೆಹಿಟ್ಟಿನ ಝುಣಕ, ಜೋಳದ ಭಾಕರಿ, ಗುದ್ದಿದ ಉಳ್ಳಾಗಡ್ಡಿ ತಂದಿಟ್ಟ. ಮೊದಲೇ ಹೊಗಳಿ ಕೂತಿದ್ದ ನಾನು ಯಾವ ಬಾಯಿಂದ ಕೇಳಲಿ? ಇವಳು ಅರ್ಧ ಭಾಕರಿ ಮುರಿದು ನನ್ನ ತಟ್ಟೆಗೆ ಹಾಕಿದಳು. ಅದಕ್ಕೂ ಸಿಟ್ಟು ಬಂತು. ತಿಂದೆ, ಆ ಮಾತು ಬೇರೆ.

ಸಿಟ್ಟು ಬರಲು ಇನ್ನೂ ಒಂದು ಕಾರಣವಿತ್ತು. ಬೆಳಿಗ್ಗೆ ಹೊದಿಕೆ ಮಡಚಲು ಹೋದರೆ, “ಬಿಡು, ಕೈ ಹಚ್ಚಬ್ಯಾಡ!” ಚಹಾದ ಕಪ್ಪು ತೊಳೆಯಲು ಎದ್ದರೆ, “ಸುಮ್ಮ ಕೂಡು ಅಂದ್ನಿ!” ಎರಡು ದಿನವೂ ಹೀಗೆಯೇ. ಸ್ವಂತ ಮನೆಯಲ್ಲಷ್ಟೇ ಅಲ್ಲ, ಗುಡ್ಡ ಹತ್ತಿ ಬಂದರೂ ಇವಳದೇ ಹುಕುಂ!

ಹೊರಡುವ ಹೊತ್ತಿಗೆ ಟ್ಯಾಕ್ಸಿ ಬಂದು ನಿಂತಿದೆ, ಇವಳು ಮಾಯ. ನಾನು ಬಾಗಿಲಲ್ಲಿ ಕುದಿಯುತ್ತಿದ್ದೆ. ಆ ಬಾಣಸಿಗನನ್ನು ಹಿಂದೆ ಕಟ್ಟಿಕೊಂಡು ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಒಂದು ತೆಂಗಿನಕಾಯಿ, ಗಾಜಿನ ಬಟ್ಟಲ ತುಂಬ ಅಕ್ಕಿ.

“ಉಡಿ ಒಡ್ಡು.”

“ಇಲ್ಲೇನ್ರಿ? ಹೋಟೆಲಿನಾಗ ಯಾರರ ಉಡಿ ತುಂಬ್ತಾರೇನ್ರಿ?”

“ಎರಡು ದಿನ ಕುಂತಲ್ಲೆ ಉಂಡಿ, ಹೊತ್ತೇರೂತನಾ ಮಲಗಿದಿ. ಒಂದು ಕಪ್ಪು ತೊಳೀಲಿಲ್ಲ. ಇದಕ್ಕ ತವರಮನಿ ಅನ್ನಲಾರದ ಮತ್ತೇನಂತಾರ? ತವರಿಂದ ಬರೇ ಉಡೀಲೆ ಹೋಗಬಾರದು. ಒಡ್ಡು.”

ಹತ್ತಿರ ಬಂದ ಸ್ವಾಗತದ ಹುಡುಗಿ, “ಓಟೀ ಭರ್ತಾಯ್ ಕಾ? ಥಾಂಬಾ ಥಾಂಬಾ!” ಉಡಿ ತುಂಬುತ್ತೀರಾ, ತಾಳಿ ತಾಳಿ, ಎಂದು ಓಡಿಹೋಗಿ ತನ್ನ ಮೇಜಿನ ಮೇಲಿದ್ದ ಗಣಪತಿಯ ಮುಂದಿನ ಕುಂಕುಮದ ಬಟ್ಟಲು ತಂದಳು. ಕುರ್ತಾಕ್ಕೆ ಸೆರಗೆಲ್ಲಿಯದು? ಓಢಣಿ ಒಡ್ಡಿದೆ. ಬೊಗಸೆ ಬೊಗಸೆ ಅಕ್ಕಿ ಬಿತ್ತು, ಕಾಯಿ ಬಿತ್ತು. ಆಮೇಲೆ ಅವಳು ತನ್ನ ಪರ್ಸಿನಿಂದ ಹಸಿರು ಕುಬಸದ ಖಣ ತೆಗೆದು ಮೇಲಿಟ್ಟಳು. ಅಕ್ಕಿ, ಕಾಯಿ ಹೋಟೆಲಿನವು. ಖಣವನ್ನು ಅವಳು ಪುಣೆ ಬಿಡುವಾಗಲೇ ಮಡಚಿ ಇಟ್ಟುಕೊಂಡಿದ್ದಳು.

ನಾನು ಅಲ್ಲಿಯೇ ಬಗ್ಗಿ ಅವಳ ಕಾಲು ಮುಟ್ಟಿದೆ.

ಟ್ಯಾಕ್ಸಿಯಲ್ಲಿ ಒಂದು ಕಾಳೂ ಬೀಳದಂತೆ ಓಢಣಿಯನ್ನು ಎರಡೂ ಕೈಯಿಂದ ಹಿಡಿದು ಕೂತೆ. ಇಂಥದ್ದು ಇವಳಿಗೇ ಯಾಕೆ ಹೊಳೆಯಬೇಕು ಎಂದು ಆಗಲೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ.

“ಏ ಹುಚ್ಚಿ, ಯಾಕ ಅಳ್ತಿ?” ಎಂದು ಗದರಿದಳು.

“ತವರು ಬಿಟ್ಟು ಹೊಂಟಾಗ ಅಳಬಾರದೇನ್ರಿ, ಅಕ್ಕಾರ?”