ಇಪ್ಪತ್ತೇ ಪ್ರತಿಯ ಎತ್ತು

ವಸ್ತುಗಳ ಬೆಲೆ ತಿಳಿಯುವ ವಿಷಯದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಸಂಸ್ಥಾನದ ಹಾಲಿ ರೂಪಾಯಿ, ಬ್ರಿಟಿಷರ ಕಲದಾರ ರೂಪಾಯಿ ಎರಡೂ ಓಡಾಡುತ್ತಿದ್ದ ಆ ಕಾಲದಲ್ಲಿ ಸಂತೆಯಿಂದ ಬದನೆಕಾಯಿ ತರುವಾಗಲೇ ನನ್ನ ತಲೆ ಕೆಡುತ್ತಿತ್ತು. ಅಂಥವನು ಚಿತ್ರ ಸಂಗ್ರಹಕ್ಕೆ ಇಳಿದೆನೆಂದರೆ ತಪ್ಪು ನನ್ನದಲ್ಲ, ಗೆಳೆಯ ಗುರುಪಾದನದು.

ಗುರುಪಾದ ನಮ್ಮ ಶಹಾಬಾದಿನವನೇ, ಫರ್ಸಿ ಹಾಸುಗಲ್ಲಿನ ಗಣಿಯಲ್ಲಿ ಚಪ್ಪಡಿ ಎಬ್ಬಿಸುವವರ ಮಗ. ಹೈದರಾಬಾದಿಗೆ ಹೋಗಿ ಚಿತ್ರಕಲೆ ಕಲಿತು ಬಂದ. ನಮ್ಮ ಹಿತ್ತಲಲ್ಲಿ ಕೂತು, ನುಣುಪಾದ ಫರ್ಸಿಯೊಂದರ ಮೇಲೆ ಎತ್ತು ಕೊರೆದು, ಗೆರೆಗಳಿಗೆ ಮಸಿ ತುಂಬಿ, ಕಾಗದ ಒತ್ತಿ ಇಪ್ಪತ್ತು ಚಿತ್ರ ತೆಗೆದ. ಒಂದೊಂದರ ಕೆಳಗೂ ನಂಬರು, ಸಹಿ. ನಾಲ್ಕನೆಯದನ್ನು ನಾನು ಕೊಂಡೆ; ಉಳಿದವು ಹೈದರಾಬಾದಿನ ದೊಡ್ಡ ಮಂದಿಗೆ ಹೋದವು. ಇಪ್ಪತ್ತರ ಮೇಲೆ ಒಂದೂ ಹುಟ್ಟಬಾರದು, ಅದರಿಂದಲೇ ಬೆಲೆ ಎಂದು ಅವನು ವಿವರಿಸಿದ. ಇನ್ನೂ ನೂರು ಕೊಡಬಲ್ಲ ಕಲ್ಲನ್ನು ಒಡೆದುಹಾಕಿದರೆ ಬೆಲೆ ಹೇಗೆ ಏರುತ್ತದೋ ನನಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ. ರೈಲಿನ ಹೊತ್ತಾಯಿತೆಂದು ಹೊರಟವನು ಕಲ್ಲು ಒಡೆಯುವ ಕೆಲಸ ನನಗೊಪ್ಪಿಸಿ ಹೋದ. ವಾರದ ಮೇಲೆ, ಒಡೆದಿರಾ ಎಂದು ಕಾಗದ ಬಂತು. ಒಡೆದೆ ಎಂದು ಬರೆದೆ.

ಒಡೆದಿರಲಿಲ್ಲ. ಶಹಾಬಾದಿನಲ್ಲಿ ಹುಟ್ಟಿದವನಿಗೆ ಅಂಚು ಮುಕ್ಕಾಗದ ಫರ್ಸಿಯ ಮೇಲೆ ಸುತ್ತಿಗೆ ಎತ್ತುವುದು ಆಗದ ಮಾತು. ನಮ್ಮಲ್ಲಿ ಒಳ್ಳೆಯ ಕಲ್ಲು ಸಿಕ್ಕರೆ ಹೊಸ್ತಿಲಿಗೋ ಬಚ್ಚಲಿಗೋ ಸೇರುತ್ತದೆ. ನನ್ನ ಹೆಂಡತಿ ಶರಣಮ್ಮ ಅದನ್ನು ಬಟ್ಟೆ ಒಗೆಯಲು ಹಾಕಿಕೊಂಡಳು. ನೀಲಿಯಲ್ಲಿ ಅದ್ದಿದ ಧೋತರವನ್ನು ಕಲ್ಲಿನ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ನೀರು ಇಳಿಸುವುದು ಅವಳ ಪದ್ಧತಿ. ಗೆರೆಗಳಲ್ಲಿ ನೀಲಿ ನಿಂತು, ನನ್ನ ಧೋತರಗಳ ಮೇಲೆ ತೆಳ್ಳಗೆ ಎತ್ತು ಮೂಡತೊಡಗಿತು. ನೀಲಿ ಹೆಚ್ಚಾಗಿದೆ ಎಂದಷ್ಟೇ ತಿಳಿದು ನಾನು ಅದನ್ನೇ ಉಟ್ಟು ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದೆ.

ದಸರೆಗೆ ಗುರುಪಾದ ಬಂದ. ಸ್ನಾನ ಮಾಡಿದವನಿಗೆ ಶರಣಮ್ಮ ಮಡಿಯಾದ ಧೋತರ ಕೊಟ್ಟಳು. ಅವನು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಆಮೇಲೆ ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದವನ್ನೂ ಒಂದೊಂದಾಗಿ ನೋಡಿ ಬಂದ.

"ಮಾಸ್ತರ, ಇಪ್ಪತ್ತೇ ಅವ ಅಂತ ಅಷ್ಟೂ ಮಂದಿಗಿ ಮಾತು ಕೊಟ್ಟೀನ್ರಿ," ಎಂದ. "ನಿಮ್ಮ ಕಾಗದ ನಂಬಿ ಕೊಟ್ಟೀನಿ."

ಬೈದಿದ್ದರೆ ವಾಸಿಯಿತ್ತು. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಸುಳ್ಳು ಬರೆದವನೇ ಒಡೆಯಬೇಕೆಂದು ಸುತ್ತಿಗೆ ತಂದು, ಕಣ್ಣು ಮುಚ್ಚಿ ಒಂದೇ ಏಟು ಹಾಕಿದೆ. ಕಲ್ಲು ನೀಟಾಗಿ ಎರಡು ಹೋಳಾಯಿತು. ಇನ್ನು ನಿಮ್ಮ ನಾಲ್ಕನೇ ನಂಬರಿಗೆ ಪೂರಾ ಬೆಲೆ ಎಂದು ಗುರುಪಾದ ಸಮಾಧಾನದಿಂದ ರೈಲು ಹತ್ತಿದ.

ಅವನು ಹೋದ ಮೇಲೆ ಶರಣಮ್ಮ ಹೋಳುಗಳನ್ನು ಸವರಿ ನೋಡಿದಳು. "ಎರಡೂ ಛಲೋ ಅವ ರೀ, ಒಂದು ಹುಸೇನಬಿಗಿ ಕೊಡ್ತೀನಿ. ಪಾಪ, ಒಗ್ಯಾಕ ಕಲ್ಲಿಲ್ಲ ಅಕೀಗಿ," ಎಂದು ಭಾರದ್ದೊಂದನ್ನು ಆರಿಸಿ ನೆರೆಮನೆಗೆ ದಾಟಿಸಿಯೂ ಬಿಟ್ಟಳು.

ಅರ್ಧರ್ಧ ಎತ್ತು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗುರುಪಾದನನ್ನು ಕೇಳುವ ಧೈರ್ಯವೂ ಇಲ್ಲ. ಹುಸೇನಬಿಯ ಗಂಡ ಮಾತ್ರ ಈಗ ಬಿಳಿ ಲುಂಗಿಯ ಮೇಲೆ ಎರಡು ನೀಲಿ ಕೊಂಬು ಮೂಡಿಸಿಕೊಂಡು ಗತ್ತಿನಿಂದ ಬಜಾರಿಗೆ ಹೋಗುತ್ತಾನೆ. ಚಿತ್ರಕ್ಕೆ ದುಡ್ಡು ತೆತ್ತ ನಾನು ಧೋತರದ ಮೇಲೆ ಬಾಲ ಹೊತ್ತು ಶಾಲೆಗೆ ಹೋಗುತ್ತೇನೆ.